ಸೋಲಾರ್ ಚಾರ್ಜ್ ಕಂಟ್ರೋಲರ್‌ನಲ್ಲಿ ಬ್ಯಾಟರಿ ಸೆಟ್ಟಿಂಗ್: ಯಾವ ನಂಬರ್ ಎಲ್ಲಿ, ಯಾವ ಕ್ರಮದಲ್ಲಿ

ಪ್ಯಾನಲ್ ಹೊಸದು, ಬಿಸಿಲಿಗೇನೂ ಬರ ಇಲ್ಲ, ಆದ್ರೂ ರಾತ್ರಿ ಒಂಬತ್ತಕ್ಕೆಲ್ಲ ಲೈಟ್ ಮಂಕಾಗತ್ತೆ, ಐದು ವರ್ಷ ಬರಬೇಕಿದ್ದ ಟ್ಯೂಬುಲರ್ ಬ್ಯಾಟರಿ ಎರಡೇ ವರ್ಷಕ್ಕೆ ಕೂತುಬಿಡತ್ತೆ. ಈ ಕಂಪ್ಲೇಂಟ್ ಮತ್ತೆ ಮತ್ತೆ ಬರ್ತಾನೇ ಇದೆ. ವಿಚಾರಿಸಿದ್ರೆ ಬಹಳ ಕಡೆ ಕಥೆ ಒಂದೇ, ಪ್ಯಾನಲ್‌ಗೂ ಬ್ಯಾಟರಿಗೂ ಮಧ್ಯೆ ಕೂತು ಚಾರ್ಜ್ ಹಿಡಿತದಲ್ಲಿಡೋ ಕಂಟ್ರೋಲರ್ ಡಬ್ಬಿಯಿಂದ ತೆಗೆದಾಗ ಹೇಗಿತ್ತೋ ಹಾಗೇ ಗೋಡೆಗೆ ಹೊಡೆದಿರ್ತಾರೆ, ಸೆಟ್ಟಿಂಗ್ ಒಂದೂ ಮುಟ್ಟಿರಲ್ಲ, ಇಲ್ಲಾ ಯಾವುದೋ ವಿಡಿಯೋ ನೋಡಿ ಬೇರೆ ಯಾರದೋ ಬ್ಯಾಟರಿಯ ನಂಬರ್ ತಂದು ಹಾಕಿರ್ತಾರೆ. ಎರಡೂ ಬ್ಯಾಟರಿಗೆ ಕೇಡು.

ಇಲ್ಲಿ ಹೇಳೋ ನಂಬರ್ ಎಲ್ಲಾ 12 ವೋಲ್ಟ್ ಸಿಸ್ಟಮ್‌ದು. ಉದಾಹರಣೆಗೆ ತೋಟದ ಮನೆಯಲ್ಲಿ ಸಾಮಾನ್ಯವಾಗಿ ಇರೋ 150 ಎಎಚ್ (ಆಂಪ್ ಅವರ್, ಬ್ಯಾಟರಿಯ ಕೆಪ್ಯಾಸಿಟಿ ಅಳತೆ) ಟ್ಯೂಬುಲರ್ ಬ್ಯಾಟರಿ ತಗೊಂಡಿದೀನಿ, ಎಸ್ಎಂಎಫ್ (ನೀರು ಹಾಕೋ ಕೆಲಸ ಇಲ್ಲದ ಸೀಲ್ಡ್ ಬ್ಯಾಟರಿ) ಮತ್ತು ಲಿಥಿಯಂ ಬಗ್ಗೆ ಅಲ್ಲಲ್ಲೇ ಹೇಳ್ತೀನಿ. ನಿಮ್ಮದು 24 ವೋಲ್ಟ್ ಆಗಿದ್ರೆ ವೋಲ್ಟೇಜ್ ನಂಬರ್‌ಗಳನ್ನ ಡಬಲ್ ಮಾಡ್ಕೊಳ್ಳಿ.

ಶುರು ಮಾಡೋ ಮುಂಚೆ ಏನೇನು ಬೇಕು

ಒಂದು ಡಿಜಿಟಲ್ ಮಲ್ಟಿಮೀಟರ್ ಬೇಕೇ ಬೇಕು, ಅದಿಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಕಂಟ್ರೋಲರ್ ಡಿಸ್ಪ್ಲೇ ತೋರಿಸೋದು ಅದರ ಟರ್ಮಿನಲ್ ಹತ್ರದ ವೋಲ್ಟೇಜ್, ಬ್ಯಾಟರಿ ಹತ್ರದ್ದಲ್ಲ, ಈ ವ್ಯತ್ಯಾಸ ಎಷ್ಟು ದೊಡ್ಡದು ಅಂತ ಮುಂದೆ ಹೇಳ್ತೀನಿ. ನೀರು ಹಾಕೋ ಬ್ಯಾಟರಿ ಆದ್ರೆ ಒಳಗಿನ ಆಸಿಡ್ ಎಷ್ಟು ಗಟ್ಟಿ ಇದೆ ಅಂತ ಅಳೆಯೋ ಹೈಡ್ರೋಮೀಟರ್ ಕೂಡ ತಗೊಳ್ಳಿ, ಬ್ಯಾಟರಿ ಅಂಗಡಿಯಲ್ಲೇ ಸಿಗತ್ತೆ. ಜೊತೆಗೆ ಬ್ಯಾಟರಿ ವಾಟರ್, ಸ್ಪ್ಯಾನರ್, ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ, ಟರ್ಮಿನಲ್‌ಗೆ ಹಚ್ಚೋಕೆ ಸ್ವಲ್ಪ ವ್ಯಾಸಲೀನ್. ಬ್ಯಾಟರಿ ಮತ್ತು ಕಂಟ್ರೋಲರ್ ನಡುವೆ ಫ್ಯೂಸ್ ಇಲ್ಲದಿದ್ರೆ ಇವತ್ತೇ ಹಾಕಿಸಿ. ಎಂಸಿಬಿ ಹಾಕೋದಾದ್ರೆ ಡಿಸಿ ಎಂಸಿಬಿನೇ ಆಗಬೇಕು, ಮನೆ ಬೋರ್ಡ್‌ನಲ್ಲಿರೋ ಎಸಿ ಎಂಸಿಬಿ ಡಿಸಿ ಲೈನ್‌ನಲ್ಲಿ ಕಿಡಿ ಆರಿಸೋದಿಲ್ಲ.

ಕೈಯಲ್ಲಿರೋ ಉಂಗುರ, ಬಳೆ, ಲೋಹದ ವಾಚ್ ತೆಗೆದಿಡಿ. ಸ್ಪ್ಯಾನರ್ ಕೈ ಜಾರಿ ಪ್ಲಸ್ ಮೈನಸ್ ಎರಡಕ್ಕೂ ತಗುಲಿದ್ರೆ ಆಗ ಹರಿಯೋ ಕರೆಂಟ್‌ಗೆ ಸ್ಪ್ಯಾನರ್ರೇ ಕೆಂಪಗೆ ಕಾಯತ್ತೆ, ಅದಕ್ಕೆ ಹಿಡಿಗೆ ಇನ್ಸುಲೇಷನ್ ಟೇಪ್ ಸುತ್ತಿಕೊಂಡ್ರೆ ಒಳ್ಳೇದು.

ಹಂತ 1: ಬ್ಯಾಟರಿ ಮೇಲಿರೋ ಲೇಬಲ್ ಓದಿ, ಬರೆದಿಟ್ಕೊಳ್ಳಿ

ಮೂರು ವಿಷಯ ಬೇಕು: ಯಾವ ಜಾತಿ ಬ್ಯಾಟರಿ, ಎಷ್ಟು ಎಎಚ್, ಕಂಪನಿ ಹೇಳಿರೋ ಚಾರ್ಜಿಂಗ್ ವೋಲ್ಟೇಜ್ ಎಷ್ಟು. ಮುಚ್ಚಳ ತೆಗೆದು ನೀರು ಹಾಕೋ ಹಾಗಿದ್ರೆ ಅದು ಫ್ಲಡೆಡ್, ನಮ್ಮಲ್ಲಿ ಯುಪಿಎಸ್‌ಗೆ ಇಡೋ ಎತ್ತರದ ಟ್ಯೂಬುಲರ್ ಹೆಚ್ಚಾಗಿ ಇದೇ ಜಾತಿ. ಮುಚ್ಚಳವೇ ಇಲ್ಲ ಅಂದ್ರೆ ಎಸ್ಎಂಎಫ್ ಅಥವಾ ಜೆಲ್. ಕೈಲಿ ಎತ್ತಿದ್ರೆ ಅದೇ ಸೈಜಿನ ಲೆಡ್ (ಸೀಸದ, ಅಂದ್ರೆ ಮೇಲಿನ ಮೂರೂ ಜಾತಿಯ) ಬ್ಯಾಟರಿಗಿಂತ ತುಂಬಾ ಹಗುರ, ಮೇಲೆ 12.8 ವೋಲ್ಟ್ ಅಂತ ಬರೆದಿದ್ರೆ ಲಿಥಿಯಂ ಫಾಸ್ಫೇಟ್.

ಎಸ್ಎಂಎಫ್ ಲೇಬಲ್‌ನಲ್ಲಿ ತುಂಬಾ ಜನ ಎಡವೋ ಜಾಗ ಒಂದಿದೆ. ಅದರ ಮೇಲೆ ಸಾಮಾನ್ಯವಾಗಿ ಎರಡು ಸಾಲು ಇರತ್ತೆ, ಸ್ಟ್ಯಾಂಡ್‌ಬೈ ಯೂಸ್ 13.5ರಿಂದ 13.8, ಸೈಕಲ್ ಯೂಸ್ 14.4ರಿಂದ 15.0. ಸೋಲಾರ್‌ನಲ್ಲಿ ಬ್ಯಾಟರಿ ದಿನಾ ಖಾಲಿಯಾಗಿ ದಿನಾ ತುಂಬತ್ತೆ, ಹಾಗಾಗಿ ನೋಡಬೇಕಾಗಿರೋದು ಸೈಕಲ್ ಯೂಸ್ ಸಾಲು, ಅದರಲ್ಲೂ ನಮ್ಮ ಸೆಖೆಗೆ ಕೆಳಗಿನ ತುದಿ ಅಂದ್ರೆ 14.4 ಸಾಕು. ಸ್ಟ್ಯಾಂಡ್‌ಬೈ ನಂಬರ್ ನೋಡಿ 13.6 ಹಾಕಿದೋರ ಬ್ಯಾಟರಿ ಒಂದು ದಿನವೂ ಪೂರ್ತಿ ತುಂಬಿರಲ್ಲ.

ಲೇಬಲ್‌ನಲ್ಲಿ ಏನೂ ಇಲ್ಲ ಅಂದ್ರೆ ಕಂಪನಿ ವೆಬ್‌ಸೈಟ್‌ನಲ್ಲಿ ಡೇಟಾ ಶೀಟ್ ಹುಡುಕಿ. ಈ ಲೇಖನದ ನಂಬರ್‌ಗೂ ನಿಮ್ಮ ಬ್ಯಾಟರಿ ಕಂಪನಿ ನಂಬರ್‌ಗೂ ವ್ಯತ್ಯಾಸ ಇದ್ರೆ ಕಂಪನಿದನ್ನೇ ಹಾಕಿ.

ಹಂತ 2: ಪ್ಯಾನಲ್, ಕಂಟ್ರೋಲರ್, ಬ್ಯಾಟರಿ ಒಂದಕ್ಕೊಂದು ಹೊಂದತ್ತಾ ನೋಡಿ

ಇದು ಸರಿ ಇಲ್ಲದಿದ್ರೆ ಯಾವ ಸೆಟ್ಟಿಂಗೂ ಉಪಯೋಗಕ್ಕೆ ಬರಲ್ಲ. ಲೆಡ್ ಬ್ಯಾಟರಿಗೆ ಅದರ ಎಎಚ್‌ನ ಹತ್ತನೇ ಒಂದು ಭಾಗ ಕರೆಂಟ್ ಸಿಗಬೇಕು, 150 ಎಎಚ್‌ಗೆ 15 ಆಂಪ್ ಹತ್ತಿರ. ಸ್ವಲ್ಪ ಜಾಸ್ತಿ ಆದ್ರೂ ನಡೆಯತ್ತೆ, 20 ಆಂಪ್‌ವರೆಗೆ ಚಿಂತೆ ಇಲ್ಲ. ಕಡಿಮೆ ಆದ್ರೆ ಮಾತ್ರ ಬ್ಯಾಟರಿ ವರ್ಷಪೂರ್ತಿ ಅರ್ಧ ಹೊಟ್ಟೆಯಲ್ಲೇ ಇರತ್ತೆ, ಪ್ಲೇಟ್ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಕೆಪ್ಯಾಸಿಟಿ ಇಳಿಯತ್ತೆ. ಓವರ್‌ಚಾರ್ಜ್ ಬಗ್ಗೆ ಎಲ್ಲರಿಗೂ ಭಯ, ಆದ್ರೆ ನಮ್ಮ ಕಡೆ ಸೋಲಾರ್ ಬ್ಯಾಟರಿಗಳನ್ನ ಹೆಚ್ಚಾಗಿ ಕೊಲ್ಲೋದು ಈ ಅರೆ ಚಾರ್ಜೇ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಇನ್ನೊಂದು ದೊಡ್ಡ ತಪ್ಪು, 330 ವಾಟ್ ಪ್ಯಾನಲ್ ತಂದು ಅಗ್ಗದ ಪಿಡಬ್ಲ್ಯೂಎಂ ಕಂಟ್ರೋಲರ್ ಮೂಲಕ 12 ವೋಲ್ಟ್ ಬ್ಯಾಟರಿಗೆ ಕೊಡೋದು. 72 ಸೆಲ್‌ನ ಆ ಪ್ಯಾನಲ್ ಕೆಲಸ ಮಾಡೋದು 37, 38 ವೋಲ್ಟ್‌ನಲ್ಲಿ, ಕರೆಂಟ್ ಬರೋದು ಸುಮಾರು 9 ಆಂಪ್. ಪಿಡಬ್ಲ್ಯೂಎಂ ಅನ್ನೋದು ಪ್ಯಾನಲನ್ನ ಬ್ಯಾಟರಿ ವೋಲ್ಟೇಜ್‌ಗೇ ಎಳೆದು ಕಟ್ಟಿಹಾಕತ್ತೆ, ಹಾಗಾಗಿ ಬ್ಯಾಟರಿಗೆ ಹೋಗೋದು ಅದೇ 9 ಆಂಪ್, ಅಂದ್ರೆ 120 ವಾಟ್ ಆಸುಪಾಸು, ಉಳಿದಿದ್ದೆಲ್ಲ ಚಾವಣಿ ಮೇಲೇ ಹೋಯ್ತು. ಅದೇ ಪ್ಯಾನಲ್‌ಗೆ ಎಂಪಿಪಿಟಿ (ಪ್ಯಾನಲ್‌ನ ಜಾಸ್ತಿ ವೋಲ್ಟೇಜನ್ನ ಜಾಸ್ತಿ ಕರೆಂಟಾಗಿ ಬದಲಾಯಿಸೋ ಕಂಟ್ರೋಲರ್) ಹಾಕಿದ್ರೆ ಒಳ್ಳೆ ಬಿಸಿಲಲ್ಲಿ 20 ಆಂಪ್ ಹತ್ತಿರ ಬರತ್ತೆ. ಅಲ್ದೆ ಆ ಪ್ಯಾನಲ್‌ನ ಓಪನ್ ಸರ್ಕ್ಯೂಟ್ (ಕರೆಂಟ್ ಹರಿಯದೇ ಇರೋವಾಗಿನ) ವೋಲ್ಟೇಜ್ 45 ದಾಟತ್ತೆ, ಅಷ್ಟು ತಡೆಯೋ ಶಕ್ತಿ ನಿಮ್ಮ ಕಂಟ್ರೋಲರ್‌ಗೆ ಇದೆಯಾ ಅಂತ ಹಿಂಬದಿ ಲೇಬಲ್‌ನಲ್ಲಿ ನೋಡಿ, ಇಲ್ಲದಿದ್ರೆ ಮೊದಲ ದಿನವೇ ಸುಟ್ಟೋಗತ್ತೆ. ಪಿಡಬ್ಲ್ಯೂಎಂ ಇಟ್ಕೊಳ್ಳೋದಾದ್ರೆ 36 ಸೆಲ್‌ನ 12 ವೋಲ್ಟ್ ಪ್ಯಾನಲ್ಲೇ ಬೇಕು.

ಹಂತ 3: ಮೊದಲು ಬ್ಯಾಟರಿ, ಆಮೇಲೆ ಪ್ಯಾನಲ್, ಕೊನೆಗೆ ಲೋಡ್

ಈ ಕ್ರಮ ತಪ್ಪಬಾರದು. ಕಂಟ್ರೋಲರ್ ಎಚ್ಚರ ಆಗೋದು ಬ್ಯಾಟರಿಯಿಂದ, ಇದು 12 ವೋಲ್ಟ್ ಸಿಸ್ಟಮ್ಮಾ 24 ವೋಲ್ಟಾ ಅಂತ ತಿಳ್ಕೊಳ್ಳೋದೂ ಬ್ಯಾಟರಿ ವೋಲ್ಟೇಜ್ ನೋಡಿನೇ. ಪ್ಯಾನಲ್ ಮೊದಲು ಕೊಟ್ರೆ ತಪ್ಪಾಗಿ ತಿಳ್ಕೊಳ್ಳಬಹುದು, ಕೆಲವು ಮಾಡೆಲ್ ಹಾಳೂ ಆಗಬಹುದು. ಬಿಚ್ಚೋವಾಗ ಉಲ್ಟಾ: ಲೋಡ್, ಪ್ಯಾನಲ್, ಕೊನೆಗೆ ಬ್ಯಾಟರಿ. ಬಿಸಿಲಲ್ಲಿ ಕೆಲಸ ಮಾಡೋದಾದ್ರೆ ಪ್ಯಾನಲ್ ಲೈನ್‌ನ ಎಂಸಿಬಿ ಆಫ್ ಮಾಡಿ, ಎಂಸಿಬಿ ಇಲ್ಲದಿದ್ರೆ ಪ್ಯಾನಲ್ ಮೇಲೆ ದಪ್ಪ ಕಂಬಳಿ ಹೊದಿಸಿ.

ಸೆಟ್ಟಿಂಗ್‌ನಲ್ಲಿ ಸಿಸ್ಟಮ್ ವೋಲ್ಟೇಜ್ ಆಟೋ ಅಂತಿದ್ರೆ ಅದನ್ನ 12 ಅಂತ ಫಿಕ್ಸ್ ಮಾಡಿಬಿಡಿ, ಆ ಆಯ್ಕೆ ಇರೋ ಮಾಡೆಲ್‌ನಲ್ಲಿ.

ಈಗ ವೈರ್. ಬ್ಯಾಟರಿಯಿಂದ ಕಂಟ್ರೋಲರ್‌ಗೆ ಎರಡೇ ಮೀಟರ್ ದೂರ ಅಂತ 2.5 ಎಂಎಂ ವೈರ್ ಎಳೆದಿರ್ತಾರೆ. ಹೋಗಿ ಬರೋ ಉದ್ದ ನಾಲ್ಕು ಮೀಟರ್ ಆಯ್ತು, 15 ಆಂಪ್ ಹರಿಯೋವಾಗ ಅದರಲ್ಲೇ 0.4 ವೋಲ್ಟ್‌ಗಿಂತ ಜಾಸ್ತಿ ಬಿದ್ದೋಗತ್ತೆ. ಕಂಟ್ರೋಲರ್ 14.4 ಅಂತ ತೋರಿಸ್ತಿರತ್ತೆ, ಬ್ಯಾಟರಿ ಮೇಲೆ ಮೀಟರ್ ಇಟ್ರೆ 13.9 ಚಿಲ್ಲರೆ. ಕಂಟ್ರೋಲರ್ ಪ್ರಕಾರ ಬ್ಯಾಟರಿ ತುಂಬಿತು, ಅದು ಕರೆಂಟ್ ಇಳಿಸೋಕೆ ಶುರು ಮಾಡತ್ತೆ. ಅದೇ ಜಾಗಕ್ಕೆ 10 ಎಂಎಂ ವೈರ್ ಹಾಕಿ, ಲಗ್ (ವೈರ್ ತುದಿಗೆ ಹಾಕೋ ಲೋಹದ ತುಂಡು) ಸರಿಯಾಗಿ ಕ್ರಿಂಪ್ ಮಾಡ್ಸಿದ್ರೆ ಡ್ರಾಪ್ 0.1 ಹತ್ರ ಬರತ್ತೆ. ಕಂಟ್ರೋಲರನ್ನ ಬ್ಯಾಟರಿಗೆ ಎಷ್ಟು ಹತ್ರ ಆಗತ್ತೋ ಅಷ್ಟು ಹತ್ರ ಇಡಿ, ಆದ್ರೆ ನೀರು ಹಾಕೋ ಬ್ಯಾಟರಿಯ ನೇರ ಮೇಲ್ಗಡೆ ಬೇಡ, ಅದರಿಂದ ಏಳೋ ಆಸಿಡ್ ಆವಿಗೆ ಬೋರ್ಡ್ ತುಕ್ಕು ಹಿಡಿಯತ್ತೆ.

ಹಂತ 4: ಬ್ಯಾಟರಿ ಟೈಪ್ ಆರಿಸೋದು

ವೋಲ್ಟೇಜ್ ಮುಟ್ಟೋ ಮೊದಲು ಟೈಪ್ ಆರಿಸಿ. ಆಮೇಲೆ ಟೈಪ್ ಬದಲಾಯಿಸಿದ್ರೆ ಎಷ್ಟೋ ಮಾಡೆಲ್‌ನಲ್ಲಿ ನೀವು ಹಾಕಿದ ನಂಬರ್ ಎಲ್ಲಾ ಅಳಿಸಿ ಹೋಗಿ ಆ ಟೈಪಿನ ಡಿಫಾಲ್ಟ್ ಬಂದು ಕೂರತ್ತೆ.

ಎಲ್ಲಾ ಕಡೆ ಸಿಗೋ ನೀಲಿ ಬಣ್ಣದ, ಮೂರು ಬಟನ್ ಇರೋ ಪಿಡಬ್ಲ್ಯೂಎಂ ಕಂಟ್ರೋಲರ್‌ನಲ್ಲಿ ಮೆನು ಬಟನ್ ಒತ್ತುತ್ತಾ ಹೋದ್ರೆ ಒಂದೊಂದೇ ಸ್ಕ್ರೀನ್ ಬರತ್ತೆ, ಒಂದರಲ್ಲಿ ಬಿ1, ಬಿ2, ಬಿ3 ಅಂತ ಕಾಣತ್ತೆ. ಸಾಮಾನ್ಯವಾಗಿ ಬಿ1 ಅಂದ್ರೆ ಸೀಲ್ಡ್, 14.4, ಬಿ2 ಜೆಲ್, 14.2, ಬಿ3 ಫ್ಲಡೆಡ್, 14.6. ಅಂಗಡಿಯಿಂದ ಬರೋವಾಗ ಬಿ1 ಇರತ್ತೆ, ಟ್ಯೂಬುಲರ್‌ಗೆ ಬಿ3 ಬೇಕು. ಆ ಸ್ಕ್ರೀನ್‌ನಲ್ಲಿ ನಿಂತು ಮೆನು ಬಟನ್ ಒತ್ತಿ ಹಿಡಿದ್ರೆ ಅಕ್ಷರ ಮಿನುಗೋಕೆ ಶುರುವಾಗತ್ತೆ, ಮೇಲೆ ಕೆಳಗೆ ಬಟನ್‌ನಿಂದ ಬದಲಾಯಿಸಿ, ಮತ್ತೆ ಮೆನು ಒತ್ತಿ ಹಿಡೀರಿ, ಮಿನುಗೋದು ನಿಂತರೆ ಸೇವ್ ಆಯ್ತು. ತುಂಬಾ ಜನ ಈ ಎರಡನೇ ಒತ್ತಾಟ ಮಾಡೋದೇ ಇಲ್ಲ, ನಂಬರ್ ಬದಲಾಗಿದ್ದು ಕಣ್ಣಿಗೆ ಕಂಡಿತು ಅಂತ ಬಿಟ್ಟುಬಿಡ್ತಾರೆ, ಸ್ವಲ್ಪ ಹೊತ್ತಿಗೆ ಅದು ಹಳೇದಕ್ಕೇ ಹೋಗಿರತ್ತೆ. ಈ ನೀಲಿ ಕಂಟ್ರೋಲರ್‌ಗಳನ್ನ ಬೇರೆ ಬೇರೆಯವರು ಮಾಡ್ತಾರೆ, ಬಿ ನಂಬರ್‌ಗಳ ಅರ್ಥ ನಿಮ್ಮದರಲ್ಲಿ ಏನು ಅಂತ ಜೊತೆಗೆ ಬಂದ ಚೀಟಿಯಲ್ಲಿ ನೋಡ್ಕೊಂಡೇ ಹಾಕಿ.

ಈಪಿಎವರ್ ಥರದ ಎಂಪಿಪಿಟಿಯಲ್ಲಿ ಸೀಲ್ಡ್, ಜೆಲ್, ಫ್ಲಡೆಡ್, ಯೂಸರ್ ಅಂತ ಇರತ್ತೆ. ನಿಮ್ಮದೇ ನಂಬರ್ ಹಾಕೋಕೆ ಯೂಸರ್ ಮೋಡ್ ಬೇಕು, ಅದಕ್ಕೆ ಕೆಲವು ಮಾಡೆಲ್‌ಗೆ ಹೊರಗಿನ ರಿಮೋಟ್ ಮೀಟರ್, ಇಲ್ಲಾ ಫೋನ್ ಆ್ಯಪ್, ಇಲ್ಲಾ ಲ್ಯಾಪ್‌ಟಾಪ್ ಕೇಬಲ್ ಬೇಕಾಗತ್ತೆ. ವಿಕ್ಟ್ರಾನ್ ಸ್ಮಾರ್ಟ್‌ಸೋಲಾರ್ ಆದ್ರೆ ಬ್ಲೂಟೂತ್ ಒಳಗೇ ಇದೆ, ಫೋನ್‌ನಲ್ಲೇ ಎಲ್ಲಾ ಆಗತ್ತೆ.

ಹಂತ 5: ಬೂಸ್ಟ್ ಮತ್ತು ಫ್ಲೋಟ್

ಬೆಳಿಗ್ಗೆ ಬಿಸಿಲು ಬಂದ ಕೂಡಲೇ ಕಂಟ್ರೋಲರ್ ಸಿಕ್ಕಿದಷ್ಟೂ ಕರೆಂಟನ್ನ ಬ್ಯಾಟರಿಗೆ ನೂಕತ್ತೆ, ವೋಲ್ಟೇಜ್ ನಿಧಾನಕ್ಕೆ ಏರತ್ತೆ. ನೀವು ಹಾಕಿದ ಬೂಸ್ಟ್ ನಂಬರ್ ಮುಟ್ಟಿದ ಮೇಲೆ ಅಲ್ಲೇ ಹಿಡ್ಕೊಂಡು ನಿಲ್ಲತ್ತೆ, ಆಗ ಕರೆಂಟ್ ತಾನಾಗೇ ಇಳೀತಾ ಬರತ್ತೆ. ರಾಗಿ ಚೀಲ ತುಂಬೋವಾಗ ಕೊನೇಲಿ ಕುಲುಕಿ ಕುಲುಕಿ ಹಾಕ್ತೀವಲ್ಲ, ಅದೇ ಕೆಲಸ ಈ ಹಂತದ್ದು, ಬ್ಯಾಟರಿಯ ಕೊನೇ ಭಾಗ ತುಂಬೋದು ಇಲ್ಲೇ. ಇದನ್ನ ಕೆಲವು ಕಂಟ್ರೋಲರ್ ಅಬ್ಸಾರ್ಪ್ಷನ್ ಅಂತಲೂ ತೋರಿಸತ್ತೆ. ಆಮೇಲೆ ಫ್ಲೋಟ್‌ಗೆ ಇಳಿಯತ್ತೆ, ತುಂಬಿದ ಬ್ಯಾಟರಿಯನ್ನ ತುಂಬಿದ ಹಾಗೇ ಇಟ್ಕೊಳ್ಳೋಕೆ.

ಟ್ಯೂಬುಲರ್‌ಗೆ ಬೂಸ್ಟ್ 14.4ರಿಂದ 14.6, ಫ್ಲೋಟ್ 13.6ರಿಂದ 13.8. ಎಸ್ಎಂಎಫ್‌ಗೆ 14.4 ಮತ್ತು 13.6. ಜೆಲ್‌ಗೆ 14.2 ಮತ್ತು 13.6, ಜೆಲ್ ಬ್ಯಾಟರಿಗೆ ಜಾಸ್ತಿ ವೋಲ್ಟೇಜ್ ಕೊಟ್ರೆ ಒಳಗೆ ಗಾಳಿಗುಳ್ಳೆ ಎದ್ದು ಮತ್ತೆ ಸರಿಯಾಗಲ್ಲ. ಬೂಸ್ಟ್ ಸಮಯ 120 ನಿಮಿಷ ಅಂತ ಇರತ್ತೆ, ಟ್ಯೂಬುಲರ್‌ಗೆ ಅದನ್ನ 180ರವರೆಗೆ ಏರಿಸೋಕೆ ನಿಮ್ಮ ಕಂಟ್ರೋಲರ್ ಬಿಟ್ರೆ ಏರಿಸಿ, ಅದರಲ್ಲೂ ರಾತ್ರಿ ಲೋಡ್ ಜಾಸ್ತಿ ಇರೋ ಮನೆಯಾದ್ರೆ.

ಈಗ ಎಲ್ಲರೂ ಸಿಕ್ಕಿಹಾಕ್ಕೊಳ್ಳೋ ಜಾಗಕ್ಕೆ ಬಂದ್ವಿ. ಯೂಸರ್ ಮೋಡ್‌ನಲ್ಲಿ ನಂಬರ್ ಹಾಕಿ ಸೇವ್ ಕೊಟ್ರೆ ಎರರ್ ಬರತ್ತೆ, ಇಲ್ಲಾ ಸುಮ್ನೆ ಹಳೇ ನಂಬರ್‌ಗೇ ಹೋಗತ್ತೆ, ಕಂಟ್ರೋಲರ್ ಹಾಳಾಗಿದೆ ಅಂತ ಜನ ವಾಪಸ್ ಕಳಿಸ್ತಾರೆ. ಹಾಳಾಗಿರಲ್ಲ. ಈ ನಂಬರ್‌ಗಳಿಗೆ ಒಳಗೊಳಗೇ ಒಂದು ಏಣಿ ಇದೆ, ಮೇಲಿಂದ ಕೆಳಕ್ಕೆ ಹೀಗೆ: ಓವರ್ ವೋಲ್ಟೇಜ್ ಡಿಸ್ಕನೆಕ್ಟ್ (ಇದನ್ನ ದಾಟಿದ್ರೆ ಕಂಟ್ರೋಲರ್ ಕಡಿದುಹಾಕತ್ತೆ), ಚಾರ್ಜಿಂಗ್ ಲಿಮಿಟ್, ಈಕ್ವಲೈಸ್ (ಹಂತ 7ರಲ್ಲಿ ಹೇಳ್ತೀನಿ), ಬೂಸ್ಟ್, ಫ್ಲೋಟ್, ಬೂಸ್ಟ್ ರೀಕನೆಕ್ಟ್ (ಇಷ್ಟಕ್ಕೆ ಇಳಿದ್ರೆ ಮತ್ತೆ ಬೂಸ್ಟ್ ಶುರು). ಕೆಳಗಿನ ಮೆಟ್ಟಿಲಿನ ನಂಬರ್ ಮೇಲಿನದಕ್ಕಿಂತ ಜಾಸ್ತಿ ಆಗೋ ಹಾಗಿಲ್ಲ. ಚಾರ್ಜಿಂಗ್ ಲಿಮಿಟ್ 14.4 ಇಟ್ಕೊಂಡು ಬೂಸ್ಟ್ 14.6 ಹಾಕೋಕೆ ಹೋದ್ರೆ ಅದು ಒಪ್ಪಲ್ಲ. ಒಂದೊಂದೇ ನಂಬರ್ ಸೇವ್ ಆಗೋ ಮಾಡೆಲ್‌ನಲ್ಲಿ ನಂಬರ್ ಏರಿಸೋದಾದ್ರೆ ಏಣಿಯ ಮೇಲಿಂದ ಶುರು ಮಾಡಿ, ಇಳಿಸೋದಾದ್ರೆ ಕೆಳಗಿಂದ. ಟ್ಯೂಬುಲರ್‌ಗೆ ಪೂರ್ತಿ ಏಣಿ ಬೇಕಿದ್ರೆ ಕ್ರಮವಾಗಿ 16.0, 15.0, 14.8, 14.6, 13.8, 13.2 ಹಾಕಿ, ಒಂದು ಸಲಕ್ಕೇ ಒಪ್ಪತ್ತೆ.

ಹಂತ 6: ಸೆಖೆಯ ಲೆಕ್ಕ

ಮೇಲೆ ಹೇಳಿದ್ದೆಲ್ಲ ಬ್ಯಾಟರಿ 25 ಡಿಗ್ರಿಯಲ್ಲಿದ್ದಾಗಿನ ನಂಬರ್. ಬಿಸಿಯಾದಷ್ಟೂ ಕಡಿಮೆ ವೋಲ್ಟೇಜ್ ಸಾಕು, ತಣ್ಣಗಾದಷ್ಟೂ ಜಾಸ್ತಿ ಬೇಕು. ಕಂಟ್ರೋಲರ್‌ನಲ್ಲಿ ಇದಕ್ಕೆ ಟೆಂಪರೇಚರ್ ಕಾಂಪನ್ಸೇಷನ್ ಅಂತ ಇರತ್ತೆ, ಲೆಡ್ ಬ್ಯಾಟರಿಗೆ ಒಂದು ಸೆಲ್‌ಗೆ ಒಂದು ಡಿಗ್ರಿಗೆ ಮೈನಸ್ 3 ಮಿಲಿವೋಲ್ಟ್ ಇಟ್ರೆ ಆಯ್ತು, ಆರು ಸೆಲ್‌ಗೆ 18 ಮಿಲಿವೋಲ್ಟ್. ರಾಯಚೂರು, ಕಲಬುರಗಿ ಕಡೆ ಏಪ್ರಿಲ್‌ನಲ್ಲಿ ತಗಡಿನ ಶೆಡ್ ಒಳಗೆ ಬ್ಯಾಟರಿ 40 ಡಿಗ್ರಿ ಮುಟ್ಟೋದು ದೊಡ್ಡ ವಿಷಯವಲ್ಲ, ಆಗ 15 ಡಿಗ್ರಿ ಜಾಸ್ತಿಗೆ 0.27 ವೋಲ್ಟ್ ಕಮ್ಮಿ ಆಗಬೇಕು, ಅಂದ್ರೆ 14.6 ಇದ್ದಿದ್ದು 14.33. ಅದೇ ಕೊಡಗಲ್ಲೋ ಚಿಕ್ಕಮಗಳೂರು ಕಡೆಯಲ್ಲೋ ಡಿಸೆಂಬರ್‌ನಲ್ಲಿ ಬ್ಯಾಟರಿ 15 ಡಿಗ್ರಿಯಲ್ಲಿದ್ರೆ 0.18 ಜಾಸ್ತಿ ಬೇಕು.

ಇದು ಕೆಲಸ ಮಾಡ್ಬೇಕಾದ್ರೆ ಸೆನ್ಸರ್ ವೈರ್ ಬ್ಯಾಟರಿ ಮೈಗೆ ಅಂಟಿರಬೇಕು. ಈಪಿಎವರ್ ಥರದ್ದರಲ್ಲಿ ಹೊರಗಿನ ಸೆನ್ಸರ್ ಹಾಕದಿದ್ರೆ ಅದು 25 ಡಿಗ್ರಿ ಅಂತ ಅಂದ್ಕೊಂಡು ನಡೆಯತ್ತೆ, ಕಾಂಪನ್ಸೇಷನ್ ಇದ್ದೂ ಇಲ್ಲದ ಹಾಗೆ. ಸೆನ್ಸರ್ ಇಲ್ಲವೇ ಇಲ್ಲ ಅನ್ನೋರು ಬೇಸಿಗೆ ಶುರುವಾದಾಗ ಬೂಸ್ಟನ್ನ ಕೈಯಾರೆ 0.2 ಇಳಿಸಿ, ಮಳೆಗಾಲಕ್ಕೆ ವಾಪಸ್ ಏರಿಸಿ.

ಹಂತ 7: ಈಕ್ವಲೈಸ್, ಯಾರಿಗೆ ಬೇಕು ಯಾರಿಗೆ ಬೇಡ

ನೀರು ಹಾಕೋ ಬ್ಯಾಟರಿಗೆ ಮಾತ್ರ ಬೇಕು. ತಿಂಗಳಿಗೊಮ್ಮೆ ಸ್ವಲ್ಪ ಜಾಸ್ತಿ ವೋಲ್ಟೇಜ್‌ನಲ್ಲಿ, 14.8ರಲ್ಲಿ ಎರಡು ಗಂಟೆ ಇಟ್ರೆ ಹಿಂದೆ ಬಿದ್ದ ಸೆಲ್‌ಗಳು ಸಮ ಆಗ್ತವೆ, ಕೆಳಗೆ ಕೂತ ಆಸಿಡ್ ಕಲಕತ್ತೆ. ಜೆಲ್, ಲಿಥಿಯಂ ಎರಡಕ್ಕೂ ಇದು ವಿಷ, ಈಕ್ವಲೈಸ್ ಸಮಯ 0 ಮಾಡಿ, ಅಥವಾ ಈಕ್ವಲೈಸ್ ವೋಲ್ಟೇಜನ್ನ ಬೂಸ್ಟ್‌ಗೆ ಸಮ ಮಾಡಿ. ಎಸ್ಎಂಎಫ್‌ಗೂ ಕಂಪನಿಯೇ ಹೇಳದ ಹೊರತು ಬೇಡ.

ಈಕ್ವಲೈಸ್ ನಡೆಯೋ ದಿನ ಮುಂಚೆನೇ ನೀರಿನ ಮಟ್ಟ ನೋಡಿ. ಆಗ ಹೈಡ್ರೋಜನ್ ಏಳತ್ತೆ, ಕಿಟಕಿ ತೆಗೆದಿಡಿ. ಬ್ಯಾಟರಿ ಇರೋ ರೂಮಲ್ಲಿ ದೇವರ ದೀಪ, ಬೀಡಿ, ಒಲೆ ಯಾವುದೂ ಇರಬಾರದು.

ಹಂತ 8: ಲೋಡ್ ಕಟ್ ಆಗೋ ವೋಲ್ಟೇಜ್

ಒಂದೇ ಒಂದು ಸೆಟ್ಟಿಂಗ್ ಬದಲಾಯಿಸೋಕೆ ಟೈಮ್ ಇದೆ ಅನ್ನೋರು ಇದನ್ನ ಬದಲಾಯಿಸಿ. ನೀಲಿ ಕಂಟ್ರೋಲರ್‌ನಲ್ಲಿ ಡಿಸ್ಚಾರ್ಜ್ ಸ್ಟಾಪ್ 10.7 ಅಂತ ಬರತ್ತೆ. 12 ವೋಲ್ಟ್ ಲೆಡ್ ಬ್ಯಾಟರಿ ಪೂರ್ತಿ ಖಾಲಿ ಅನ್ನಿಸ್ಕೊಳ್ಳೋದೇ 10.5ರಿಂದ 10.8ರ ಒಳಗೆ. ಅಂದ್ರೆ ಆ ಡಿಫಾಲ್ಟ್ ಬ್ಯಾಟರಿಯನ್ನ ಕಾಯೋದೇ ಇಲ್ಲ, ತಳ ಕೆರೆದ ಮೇಲೆ ನಿಲ್ಲಿಸತ್ತೆ. ಈಪಿಎವರ್‌ನಲ್ಲಿ 11.1 ಇರತ್ತೆ, ಅದೂ ಕಮ್ಮಿನೇ ಅಂತೀನಿ. ಲೈಟು, ಫ್ಯಾನು, ಕ್ಯಾಮೆರಾ ಅಂತ ಸಣ್ಣ ಲೋಡ್ ಇರೋರು 11.6ರಿಂದ 11.8 ಇಡಿ. ರಾತ್ರಿ ಒಂದು ಗಂಟೆ ಮೊದಲೇ ಲೈಟ್ ಹೋಗಬಹುದು, ಆದ್ರೆ ಬ್ಯಾಟರಿ ಇನ್ನೂ ವರ್ಷಗಟ್ಟಲೆ ಬರತ್ತೆ, ಅದರ ಬೆಲೆ ನೋಡಿದ್ರೆ ಈ ಲೆಕ್ಕ ಎರಡು ಸಲ ಯೋಚನೆ ಮಾಡೋ ಹಾಗೇ ಇಲ್ಲ.

ಲೋಡ್ ವಾಪಸ್ ಬರೋ ವೋಲ್ಟೇಜ್, ಅಂದ್ರೆ ರೀಕನೆಕ್ಟ್, 12.6ಕ್ಕಿಂತ ಕೆಳಗೆ ಬೇಡ. ಲೋಡ್ ತೆಗೆದ ತಕ್ಷಣ ಬ್ಯಾಟರಿ ವೋಲ್ಟೇಜ್ ತಾನಾಗೇ ಮೇಲೇಳತ್ತೆ, ಚಾರ್ಜ್ ಏನೂ ಆಗಿರಲ್ಲ, ಆದ್ರೂ 11.6ರಲ್ಲಿ ಕಟ್ ಆಗಿದ್ದು ಹತ್ತು ನಿಮಿಷಕ್ಕೆ 12.1 ತೋರಿಸತ್ತೆ. ರೀಕನೆಕ್ಟ್ 12.0 ಇಟ್ಟಿದ್ರೆ ಲೈಟ್ ಬರತ್ತೆ, ಮತ್ತೆ ಹೋಗತ್ತೆ, ಮತ್ತೆ ಬರತ್ತೆ, ರಾತ್ರಿಯಿಡೀ ಇದೇ, ಪ್ರತಿ ಸಲವೂ ಬ್ಯಾಟರಿ ಇನ್ನಷ್ಟು ಕೆಳಕ್ಕೆ.

ಇನ್ನೊಂದು ಮುಖ್ಯ ವಿಷಯ. ಇನ್ವರ್ಟರನ್ನ ಕಂಟ್ರೋಲರ್‌ನ ಲೋಡ್ ಟರ್ಮಿನಲ್‌ಗೆ ಕೊಡಬೇಡಿ, ಅದು ಎಳೆಯೋ ಕರೆಂಟ್ ತಡೆಯೋ ಶಕ್ತಿ ಅದಕ್ಕಿಲ್ಲ. ಇನ್ವರ್ಟರ್ ನೇರ ಬ್ಯಾಟರಿಗೇ ಹೋಗಬೇಕು, ದಪ್ಪ ಕೇಬಲ್ ಮತ್ತೆ ಫ್ಯೂಸ್ ಹಾಕಿ. ಹಾಗೆ ಮಾಡಿದಾಗ ನೀವು ಇಲ್ಲಿ ಇಟ್ಟ 11.6 ಅದಕ್ಕೆ ಲಾಗು ಆಗಲ್ಲ, ಇನ್ವರ್ಟರ್‌ನಲ್ಲೇ ಲೋ ಬ್ಯಾಟರಿ ಸೆಟ್ಟಿಂಗ್ ಇದ್ರೆ ಅಲ್ಲೂ ಸರಿ ಮಾಡಬೇಕು.

ಹಂತ 9: ಲಿಥಿಯಂ ಇರೋರಿಗೆ

ಲಿಥಿಯಂ ಫಾಸ್ಫೇಟ್‌ಗೆ ಲೆಡ್ ಪ್ರೊಫೈಲ್ ಹಾಕಿ ಓಡಿಸಬೇಡಿ. ಬೂಸ್ಟ್ 14.2, ಈಕ್ವಲೈಸ್ ಕೂಡ 14.2, ಚಾರ್ಜಿಂಗ್ ಲಿಮಿಟ್ 14.4, ಓವರ್ ವೋಲ್ಟೇಜ್ ಡಿಸ್ಕನೆಕ್ಟ್ 14.7, ಫ್ಲೋಟ್ 13.5, ಬೂಸ್ಟ್ ರೀಕನೆಕ್ಟ್ 13.2. ಲೋಡ್ ಕಟ್ 12.0, ವಾಪಸ್ 12.8. ಬೂಸ್ಟ್ ಸಮಯ ಅರ್ಧ ಗಂಟೆ ಸಾಕು. ಟೆಂಪರೇಚರ್ ಕಾಂಪನ್ಸೇಷನ್ ಸೊನ್ನೆ, ಇದನ್ನ ಮರೆಯೋರು ತುಂಬಾ ಜನ, ಚಳಿ ಬೆಳಿಗ್ಗೆ ಕಂಟ್ರೋಲರ್ ತಾನಾಗೇ ವೋಲ್ಟೇಜ್ ಏರಿಸಿಬಿಡತ್ತೆ.

ಒಳಗೆ ಸೆಲ್‌ಗಳನ್ನ ಕಾಯೋ ಸರ್ಕ್ಯೂಟ್, ಬಿಎಂಎಸ್, ಇದೆಯಲ್ಲ, ಅದು ನೋಡ್ಕೊಳ್ಳತ್ತೆ ಅಂತ ಸುಮ್ನಾಗಬೇಡಿ. ಒಂದು ಸೆಲ್ 3.65 ವೋಲ್ಟ್ ಹತ್ರ ಹೋದ್ರೆ ಬಿಎಂಎಸ್ ಬ್ಯಾಟರಿಯನ್ನೇ ಕಡಿದುಹಾಕತ್ತೆ, ಸುಡು ಬಿಸಿಲಲ್ಲಿ ಪ್ಯಾನಲ್ ಕರೆಂಟ್ ಹರೀತಿರೋವಾಗ ಕಂಟ್ರೋಲರ್‌ಗೆ ಬ್ಯಾಟರಿಯೇ ಕಾಣೆ ಆದ್ರೆ ಆ ಕ್ಷಣ ವೋಲ್ಟೇಜ್ ಜಿಗಿದು ಕಂಟ್ರೋಲರ್ರೋ ಲೋಡ್‌ನಲ್ಲಿರೋ ಬಲ್ಬೋ ಹೋಗಬಹುದು. ಬಿಎಂಎಸ್ ಕೊನೇ ಕಾವಲು, ದಿನಾ ಅದನ್ನ ಕೆಲಸಕ್ಕೆ ಎಳೀಬಾರದು.

ಹಂತ 10: ಮನೆ ಯುಪಿಎಸ್ ಜೊತೆ ಒಂದೇ ಬ್ಯಾಟರಿ ಇದ್ರೆ

ಮೊದಲೇ ಇದ್ದ ಯುಪಿಎಸ್ ಬ್ಯಾಟರಿಗೆ ಪ್ಯಾನಲ್ ಸೇರಿಸಿಕೊಂಡೋರು ಕೇಳೋ ಪ್ರಶ್ನೆ ಒಂದೇ, ಸೋಲಾರ್ ಹಾಕಿದ ಮೇಲೂ ಕರೆಂಟ್ ಬಿಲ್ ಇಳಿದಿಲ್ಲ ಯಾಕೆ ಅಂತ. ಕಾರಣ ಇಷ್ಟೇ, ಮೇನ್ಸ್ ಇದ್ದಾಗ ಯುಪಿಎಸ್ ಬ್ಯಾಟರಿಯನ್ನ 13.7 ಹತ್ರ ಎತ್ತಿ ಹಿಡಿದಿರತ್ತೆ, ಸೋಲಾರ್ ಕಂಟ್ರೋಲರ್ ಬೆಳಿಗ್ಗೆ ಎದ್ದು ನೋಡಿದ್ರೆ ಬ್ಯಾಟರಿ ತುಂಬಿದ ಹಾಗೇ ಕಾಣತ್ತೆ, ಅದು ಸುಮ್ನೆ ಕೂರತ್ತೆ. ಸೋಲಾರ್ ಫ್ಲೋಟನ್ನ ಯುಪಿಎಸ್ ಫ್ಲೋಟ್‌ಗಿಂತ 0.1 ಜಾಸ್ತಿ ಇಟ್ಟು ನೋಡಿ, ಸ್ವಲ್ಪ ವ್ಯತ್ಯಾಸ ಆಗತ್ತೆ. ಪೂರ್ತಿ ಲಾಭ ಬೇಕಂದ್ರೆ ಹಗಲು ಹೊತ್ತು ಯುಪಿಎಸ್‌ನ ಮೇನ್ಸ್ ಇನ್‌ಪುಟನ್ನ ಟೈಮರ್‌ನಿಂದ ಆಫ್ ಮಾಡ್ಬೇಕು, ಅಥವಾ ಸೋಲಾರ್‌ಗೆ ಮೊದಲ ಆದ್ಯತೆ ಕೊಡೋ ಯೂನಿಟ್ ಮಧ್ಯೆ ಹಾಕಿಸಬೇಕು.

ಹಂತ 11: ನಿಜವಾಗ್ಲೂ ತುಂಬ್ತಿದೆಯಾ ಅಂತ ಪರೀಕ್ಷೆ

ಸೆಟ್ಟಿಂಗ್ ಮಾಡಿದ ಮಾರನೇ ದಿನ ಒಳ್ಳೆ ಬಿಸಿಲಿದ್ರೆ ಮಧ್ಯಾಹ್ನ ಎರಡರ ಸುಮಾರಿಗೆ ಮಲ್ಟಿಮೀಟರನ್ನ ಬ್ಯಾಟರಿಯ ಸೀಸದ ಟರ್ಮಿನಲ್ ಮೇಲೇ ಇಡಿ, ಲಗ್ ಮೇಲೆ ಬೇಡ, ಲಗ್ ಸಡಿಲ ಇದ್ರೆ ಅದೂ ಗೊತ್ತಾಗಲ್ಲ. ಬರೋ ಓದು ಬೂಸ್ಟ್ ನಂಬರ್‌ಗೆ 0.1 ಒಳಗೆ ಇರಬೇಕು. ಇಲ್ಲದಿದ್ರೆ ವೈರು, ಲಗ್ಗು, ಫ್ಯೂಸ್ ಹೋಲ್ಡರ್ ಒಂದೊಂದಾಗಿ ಮುಟ್ಟಿ ನೋಡಿ, ಬಿಸಿ ಇರೋ ಜಾಗದಲ್ಲೇ ಕಳ್ಳ ಇದ್ದಾನೆ.

ಪೂರ್ತಿ ಚಾರ್ಜ್ ಆದ ದಿನ, ಲೋಡು ಪ್ಯಾನಲ್ ಎರಡನ್ನೂ ಆಫ್ ಮಾಡಿ ಎರಡು ಮೂರು ಗಂಟೆ ಬಿಟ್ಟು ಅಳೆದ್ರೆ ಲೆಡ್ ಬ್ಯಾಟರಿ 12.7 ಹತ್ರ ತೋರಿಸಬೇಕು. 12.2 ಅಂದ್ರೆ ಅರ್ಧ. ಹೈಡ್ರೋಮೀಟರ್‌ನಲ್ಲಿ ನಮ್ಮ ಟ್ಯೂಬುಲರ್‌ಗಳು ತುಂಬಿದಾಗ ಸಾಮಾನ್ಯವಾಗಿ 1240 ಆಸುಪಾಸು ಬರತ್ತೆ, ಆರೂ ಸೆಲ್ ನೋಡಿ ಬರೆದಿಡಿ. ಐದು ಸೆಲ್ 1240 ಇದ್ದು ಒಂದು ಮಾತ್ರ 1180 ಅಂದ್ರೆ ಆ ಸೆಲ್ ಸೊರಗ್ತಿದೆ, ಎರಡು ಮೂರು ಸಲ ಈಕ್ವಲೈಸ್ ಮಾಡಿಯೂ ಏಳದಿದ್ರೆ ಬ್ಯಾಟರಿಯ ಕಾಲ ಮುಗೀತಾ ಬಂತು.

ಈ ಲಕ್ಷಣ ಕಂಡ್ರೆ ತಡ ಮಾಡಬೇಡಿ

ಕೊಳೆತ ಮೊಟ್ಟೆ ವಾಸನೆ, ಬ್ಯಾಟರಿ ಹೊಟ್ಟೆ ಉಬ್ಬಿರೋದು, ಕೈ ಇಡೋಕಾಗದಷ್ಟು ಬಿಸಿ: ತಕ್ಷಣ ಪ್ಯಾನಲ್ ಲೈನ್ ಆಫ್ ಮಾಡಿ, ಕಿಟಕಿ ಬಾಗಿಲು ತೆಗೆದು ಆಚೆ ಬನ್ನಿ, ಅಲ್ಲೇ ನಿಂತು ವೈರ್ ಬಿಚ್ಚೋಕೆ ಹೋಗಬೇಡಿ, ಒಂದು ಕಿಡಿ ಸಾಕು.

ತಿಂಗಳು ತಿಂಗಳಿಗೂ ನೀರು ಕುಡೀತಿದೆ ಅಂದ್ರೆ ಬೂಸ್ಟ್ ಅಥವಾ ಫ್ಲೋಟ್ ಜಾಸ್ತಿ ಆಗಿದೆ, 0.1 ಇಳಿಸಿ ನೋಡಿ. ಆರು ತಿಂಗಳಾದ್ರೂ ಒಂದು ಹನಿ ನೀರು ಇಳಿದಿಲ್ಲ ಅಂದ್ರೆ ಖುಷಿ ಪಡೋ ವಿಷಯ ಅಲ್ಲ, ಬ್ಯಾಟರಿ ಬೂಸ್ಟ್‌ವರೆಗೆ ಹೋಗ್ತಾನೇ ಇಲ್ಲ.

ಬೆಳಿಗ್ಗೆ ಒಂಬತ್ತೂವರೆಗೆಲ್ಲ ಕಂಟ್ರೋಲರ್ ಫುಲ್ ತೋರಿಸಿ ಸಂಜೆ ಎರಡು ಲೈಟ್ ಹಾಕಿದ ಕೂಡಲೇ 12ಕ್ಕಿಂತ ಕೆಳಗೆ ಬೀಳತ್ತೆ ಅಂದ್ರೆ ಸೆಟ್ಟಿಂಗ್ ತಪ್ಪಲ್ಲ, ಸಲ್ಫೇಟ್ ಕೂತು ಬ್ಯಾಟರಿಯ ಜಾಗವೇ ಸಣ್ಣದಾಗಿದೆ. ಹಾಗಂತ ಪಕ್ಕದಲ್ಲಿ ಒಂದು ಹೊಸ ಬ್ಯಾಟರಿ ಪ್ಯಾರಲಲ್ ಕೊಡಬೇಡಿ, ಹಳೇದು ಹೊಸದನ್ನೂ ಎಳ್ಕೊಂಡು ಹೋಗತ್ತೆ.

ಮಲೆನಾಡು, ಕರಾವಳಿಯಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ದಿನಗಟ್ಟಲೆ ಬೂಸ್ಟ್ ಮುಟ್ಟೋದೇ ಇಲ್ಲ, ಅದಕ್ಕೆ ಯಾವ ಸೆಟ್ಟಿಂಗೂ ಪರಿಹಾರ ಅಲ್ಲ. ಆ ಮೂರು ತಿಂಗಳು ಲೋಡ್ ಕಟ್ ವೋಲ್ಟೇಜನ್ನ 12.0ಕ್ಕೆ ಏರಿಸಿ, ವಾರಕ್ಕೊಮ್ಮೆ ಕರೆಂಟ್ ಇರೋವಾಗ ಮೇನ್ಸ್ ಚಾರ್ಜರ್‌ನಿಂದ ಪೂರ್ತಿ ತುಂಬಿಸಿ.

ಎಲ್ಲಾ ಮುಗಿದ ಮೇಲೆ ಹಾಕಿದ ನಂಬರ್‌ಗಳನ್ನ ತಾರೀಕಿನ ಸಮೇತ ಒಂದು ಚೀಟಿಯಲ್ಲಿ ಬರೆದು ಕಂಟ್ರೋಲರ್ ಪಕ್ಕ ಅಂಟಿಸಿ. ಯಾರಾದ್ರೂ ಬ್ಯಾಟರಿ ಬಿಚ್ಚಿ ಹಾಕಿದಾಗ, ಇಲ್ಲಾ ಮಕ್ಕಳು ಬಟನ್ ಒತ್ತಿ ಆಡಿದಾಗ ಚೀಟಿ ಇಟ್ಕೊಂಡು ಒಂದೊಂದೇ ಸ್ಕ್ರೀನ್ ತಾಳೆ ನೋಡಿ, ಮೊದಲು ನೋಡಬೇಕಾಗಿದ್ದು ಬ್ಯಾಟರಿ ಟೈಪ್.